ಮೇಟಿಗೆ ಕೊಟ್ಟ ಪಾಸು

ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿದೆ, ಇನ್ನೊಂದು ತುದಿಯನ್ನು ಎದೆಯೆತ್ತರದ ಒಂದು ಹಳೆಯ ಮರದ ಕಂಬಕ್ಕೆ. ದಿನಾ ಬೆಳಿಗ್ಗೆ ಹಿಂಡಿದ ಬಟ್ಟೆಯ ಬಕೀಟು ಹಿಡಿದು ನಾನು ಅಲ್ಲಿಗೆ ಹೋಗುತ್ತೇನೆ. ಕಂಬ ಇನ್ನೂ ಎರಡು ಮಾರು ದೂರವಿರುವಾಗಲೇ ಚಪ್ಪಲಿ ಬಿಡುತ್ತೇನೆ. ನನಗೆ ಹಿಮ್ಮಡಿ ನೋವು. ಬರಿಗಾಲಲ್ಲಿ ನಡೆಯಕೂಡದೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಅದನ್ನು ನೆನಪಿಸಲು ಹೆಂಡತಿಯೂ ಇದ್ದಾಳೆ. "ಅದು ಬಟ್ಟಿ ಹಾಕೋ ಕಂಬರೀ, ವಿಠ್ಠಲನ ಗುಡಿ ಅಲ್ಲ," ಎನ್ನುತ್ತಾಳೆ ಅವಳು. ಸಿಟ್ಟು ಹೆಚ್ಚಾದ ದಿನ ಇದೇ ಮಾತನ್ನು ಮರಾಠಿಯಲ್ಲಿ ಹೇಳುತ್ತಾಳೆ. ನಮ್ಮ ಮನೆಯಲ್ಲಿ ಪ್ರೀತಿಗೆ ಕನ್ನಡ, ಜಗಳಕ್ಕೆ ಮರಾಠಿ ಎಂದು ಮೊದಲಿನಿಂದಲೂ ಹಂಚಿಕೆಯಾಗಿದೆ. ಈ ಚಪ್ಪಲಿಯ ಕತೆಯನ್ನು ಅವಳಿಗೆ ನೆಟ್ಟಗೆ ಹೇಳಲು ನನಗೆ ನಾಚಿಕೆ. ನಿಮಗಾದರೆ ಹೇಳಬಹುದು, ನೀವು ನನ್ನ ಜೊತೆ ಸಂಸಾರ ಮಾಡಬೇಕಾಗಿಲ್ಲ.

ನಿವೃತ್ತನಾದ ಗಣಿತದ ಮಾಸ್ತರನಿಗೆ ಖಾಲಿ ಮಧ್ಯಾಹ್ನಗಳೂ ಟಿವಿಯೂ ಒಟ್ಟಿಗೆ ದೊರೆತರೆ ಊರಿಗೆ ಕ್ಷೇಮವಲ್ಲ. ಯಂಕಂಚಿಯಲ್ಲಿ ಮೂರು ದಶಕ ಲೆಕ್ಕ ಕಲಿಸಿ ಅಲ್ಲೇ ಮನೆ ಕಟ್ಟಿಕೊಂಡ ನಾನು, ಊಟದ ನಂತರ ಪರದೇಶದ ಫುಟ್‌ಬಾಲ್ ಪಂದ್ಯಗಳ ಮರುಪ್ರಸಾರ ನೋಡುತ್ತ ನೋಡುತ್ತ, ನಮ್ಮ ಭಾಗಕ್ಕೂ ಒಂದು ವೃತ್ತಿಪರ ಕ್ಲಬ್ಬು ಬೇಕೆಂಬ ತೀರ್ಮಾನಕ್ಕೆ ಬಂದೆ. ಕುಡಿಯುವ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಊರಿನಲ್ಲಿ ಇದು ತುರ್ತಿನ ಬೇಡಿಕೆಯೆಂದು ನನಗೇಕೆ ಅನ್ನಿಸಿತೋ ಕೇಳಬೇಡಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನನ್ನಂಥವೇ ಮೂರು ಖಾಲಿ ತಲೆಗಳು ಸಿಕ್ಕವು. ನಮ್ಮ ಸಿಂದಗಿ ತಾಲ್ಲೂಕಿನ ಪರವಾಗಿ ಯಂಕಂಚಿ ಯುನೈಟೆಡ್ ಉದಯಿಸಿತು. ಪಂಚಾಯಿತಿ ಚುನಾವಣೆ ಮುಗಿದು ಎರಡೇ ತಿಂಗಳಾಗಿದ್ದ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೇನಿದ್ದೀತು?

ನಾಲ್ಕು ತಂಡ, ತಂಡಕ್ಕೆ ಏಳು ಜನ, ಒಂದು ಲೀಗು, ಒಂದು ಕಪ್ಪು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಲೀಗು ಎಂದರೆ ಎಲ್ಲರ ಕೈಯಲ್ಲೂ ಎರಡೆರಡು ಸಲ, ಒಮ್ಮೆ ನಮ್ಮೂರಲ್ಲಿ ಒಮ್ಮೆ ಅವರೂರಲ್ಲಿ, ಸಾವಕಾಶವಾಗಿ ಸೋಲುವ ವ್ಯವಸ್ಥೆ, ಕಪ್ಪು ಎಂದರೆ ಒಂದೇ ಸಲ ಸೋತು ಬೇಗ ಮನೆಗೆ ಹೋಗುವ ಸೌಲಭ್ಯ. ವೃತ್ತಿಪರರೆಂದ ಮೇಲೆ ಆಟಗಾರರಿಗೆ ಸಂಭಾವನೆ ಬೇಕಲ್ಲ. ಪಂದ್ಯವೊಂದಕ್ಕೆ ತಲಾ ಎರಡು ಜೋಳದ ರೊಟ್ಟಿ, ಜುಣಕ, ಒಂದು ಉಳ್ಳಾಗಡ್ಡಿ ಎಂದು ಕರಾರಾಯಿತು. ರೊಟ್ಟಿ ಬಡಿಯುವವಳು ನನ್ನ ಹೆಂಡತಿಯಾದ್ದರಿಂದ ಕ್ಲಬ್ಬಿನ ಪ್ರಾಯೋಜಕಳೂ ಅವಳೇ. ನಾನು ಕಾರ್ಯದರ್ಶಿ. ಕಾರ್ಯದರ್ಶಿಗೆ ಒಂದು ಕಾರ್ಯ ಬೇಕೆಂದು ಆಟದ ನಿಯಮಗಳ ಪುಸ್ತಕವನ್ನು ತರಿಸಿ, ಒಂದಕ್ಷರ ಬಿಡದೆ ಕನ್ನಡಕ್ಕಿಳಿಸಿ, ಜೆರಾಕ್ಸ್ ಮಾಡಿಸಿ ನಾಲ್ಕೂ ತಂಡಗಳಿಗೆ ಹಂಚಿದೆ. ಆ ಜೆರಾಕ್ಸನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೈದಾನ ಮಾತ್ರ ಇರಲಿಲ್ಲ. ಅದನ್ನು ಕೊಟ್ಟವನು ಲಾಲಸಾಬ. ನನಗಿಂತ ಐದಾರು ವರ್ಷ ಹಿರಿಯ. ನಾನು ಈ ಊರಿಗೆ ಬಂದ ಮೊದಲ ದಿನ ಬಾಡಿಗೆ ಮನೆ ಹುಡುಕಿಕೊಟ್ಟ ರೈತ. ಊರ ಹೊರಗೆ ಅವನ ಹೊಲದಲ್ಲಿ ನಾಲ್ಕು ಅಣ್ಣತಮ್ಮಂದಿರ ಜೋಳದ ರಾಶಿ ಒಟ್ಟಿಗೆ ಮಾಡುತ್ತಿದ್ದ ದೊಡ್ಡ ಕಣವೊಂದಿತ್ತು. ಈಗ ಯಂತ್ರ ಬಂದು ಹೊಲದ ಬದುವಿನಲ್ಲೇ ಒಂದು ತಾಡಪತ್ರಿ ಹಾಸಿ ಅರ್ಧ ದಿನದಲ್ಲಿ ರಾಶಿ ಮುಗಿಸಿ ಹೋಗುತ್ತದೆ. ಆದರೂ ಲಾಲಸಾಬ ವರ್ಷಾ ವರ್ಷಾ ಆ ಕಣವನ್ನು ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ, ಕನ್ನಡಿಯ ಹಾಗೆ ನುಣ್ಣಗೆ ಮಾಡಿ, ಅದರಲ್ಲಿ ಒಂದು ಕಾಳೂ ಬೀಳಿಸದೆ ಸುಮ್ಮನೆ ನೋಡುತ್ತ ಕೂತಿರುತ್ತಿದ್ದ. ನಟ್ಟನಡುವೆ ಮೇಟಿ: ಎತ್ತುಗಳನ್ನು ಕಟ್ಟಿ ಸುತ್ತ ತಿರುಗಿಸುತ್ತಿದ್ದ ಕಂಬ, ಅವನ ಅಜ್ಜ ನೆಟ್ಟದ್ದು. ಲಾಲಸಾಬನ ಮಕ್ಕಳಿಗೆ ಆ ಜಾಗದಲ್ಲಿ ತೊಗರಿ ಬಿತ್ತುವ ಆಸೆ. "ಮೇಟಿ ಇರೂತನಕ ನಾವು ಅಲ್ಲಿ ಟ್ರ್ಯಾಕ್ಟರ್ ಹೊಡಿಯಾಂಗಿಲ್ಲ, ಆತಿಲ್ಲೋ," ಎಂದು ಅಪ್ಪನಿಗೆ ಮಾತು ಕೊಟ್ಟಿದ್ದರು. ಅಪ್ಪ ಅಷ್ಟಕ್ಕೆ ಸಮಾಧಾನಪಟ್ಟಿದ್ದ.

ನಾನು ಕೇಳಿದಾಗ ಅವನು ತಡವರಿಸದೆ ಒಪ್ಪಿದ. "ಆಡ್ರಿ ಮಾಸ್ತರ್ರ. ಖಾಲಿ ಕಣಾ ನೋಡಾಕ ಆಗೂದಿಲ್ಲ. ಖರೇ ಒಂದು ಮಾತು, ಕಣದಾಗ ಕಾಲಾಗ ಮೆಟ್ಟು ಹಾಕ್ಕೊಂಡು ಯಾರೂ ಬರಬಾರದ್ರಿ. ಅನ್ನ ಬಿದ್ದ ಜಾಗಾ ಅದು."

ಹೀಗೆ ನಮಗೆ ಜಗತ್ತಿನಲ್ಲಿ ಇನ್ನಾರಿಗೂ ಇರದಂಥ ಮೈದಾನ ಸಿಕ್ಕಿತು. ಕಣ ದುಂಡಗಿದ್ದುದರಿಂದ ಅದಕ್ಕೆ ಮೂಲೆಗಳಿರಲಿಲ್ಲ. ಮೂಲೆ ಒದೆತವನ್ನು ನೀರಿನ ಕೊಡ ಇಟ್ಟ ಕಡೆಯಿಂದ ಒದೆಯುವುದೆಂದು ಇತ್ಯರ್ಥವಾಯಿತು. ನಡುವೆ ಕಂಬವಿರಬಾರದೆಂದು ನಿಯಮ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ ಎಂದು ನಾನು ವಾದಿಸಿದೆ. ಬರೆದವರಿಗೆ ಪಾಪ ಅಂಥ ಅನುಮಾನವೇ ಬಂದಿರಲಿಕ್ಕಿಲ್ಲ. ಬರಿಗಾಲಿನ ಬಗ್ಗೆ ಪುಸ್ತಕ ಏನನ್ನುತ್ತದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಯಾರೂ ಓದಲಾರರು ಎಂಬ ಭರವಸೆಯೂ ಇತ್ತು. ಇನ್ನು ಕಾರ್ಯದರ್ಶಿಯಾದ ನಾನು ಹಿಮ್ಮಡಿಯ ನೆಪದಲ್ಲಿ ಬೂಟು ಬಿಚ್ಚದೆ ಕಣದಾಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತೆ. ತನ್ನ ಮೈದಾನಕ್ಕೆ ಒಮ್ಮೆಯೂ ಕಾಲಿಡದೆ ಕ್ಲಬ್ಬು ನಡೆಸಿದ ಆಡಳಿತಗಾರ ನಾನೊಬ್ಬನೇ ಏನಲ್ಲ, ಬಿಡಿ.

ಪಕ್ಕದಲ್ಲಿ ಲಾಲಸಾಬ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಗೋಲು ಎಣಿಸುತ್ತಿದ್ದ. ರಾಶಿ ಅಳೆಯುವಾಗ ನಮ್ಮ ಕಡೆ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಕಣದಲ್ಲಿ ಬೇರೆ ಎಣಿಕೆ ಅವನಿಗೆ ಗೊತ್ತಿರಲಿಲ್ಲ. ಮೊದಲ ಗೋಲು ಬಿದ್ದಾಗ ಮೆಲ್ಲಗೆ "ಲಾಭ" ಎನ್ನುತ್ತಿದ್ದ. ನನ್ನ ಕ್ಲಾಸಿನಲ್ಲಿ ಯಾರಾದರೂ ಒಂದಕ್ಕೆ ಲಾಭ ಎಂದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ ಎಂದು ಅವನನ್ನು ನಾನು ಬೇಕಾದಷ್ಟು ಹಂಗಿಸಿದ್ದೇನೆ. "ನಿಂದರಸ್ರಿ ಮಾಸ್ತರ್ರ, ಎತ್ತರದಿಂದ ಆಟ ಚಲೋ ಕಾಣ್ತೈತಿ," ಎಂದು ನಗುತ್ತಿದ್ದ.

ಲೀಗಿನ ಕತೆ ಎರಡೇ ಮಾತಿನದು. ನಮ್ಮ ಕಣದಲ್ಲಿ ಮೂರಕ್ಕೆ ಮೂರೂ ಗೆದ್ದೆವು. ಪರಊರಲ್ಲಿ ಮೂರಕ್ಕೆ ಮೂರೂ ಸೋತೆವು. ನಮ್ಮ ಹುಡುಗರಿಗೆ ಮೇಟಿ ಎಂಟನೆಯ ಆಟಗಾರನಾಗಿತ್ತು. ಟ್ರ್ಯಾಕ್ಟರ್ ಓಡಿಸುವ ಶರಣು ನಮ್ಮ ಮುಂದಾಳು. ಎದುರಾಳಿ ಅಡ್ಡ ಬಂದರೆ ಅವನು ಚೆಂಡನ್ನು ಮೇಟಿಗೆ ಒದೆಯುತ್ತಿದ್ದ, ಅದು ಪುಟಿದು ಆಚೆ ಬದಿಗೆ ಬರುವಷ್ಟರಲ್ಲಿ ತಾನು ಸುತ್ತಿಬಂದು ಅಲ್ಲಿರುತ್ತಿದ್ದ. ಕಂಬ ಎಂದೂ ತಪ್ಪು ಪಾಸು ಕೊಡಲಿಲ್ಲ, ರೊಟ್ಟಿಯನ್ನೂ ಕೇಳಲಿಲ್ಲ. ಬಾಗೇವಾಡಿಯವರು ಬೂಟು ಬಿಚ್ಚಿ ಕಣಕ್ಕಿಳಿದು, ಬಿಸಿ ನೆಲದ ಮೇಲೆ ಒಂದು ಕಾಲೆತ್ತಿ ಇನ್ನೊಂದನ್ನು ಇಡುತ್ತ, ಆಟವೆಲ್ಲ ಕುಣಿತದಲ್ಲೇ ಕಳೆದರು. ನಾವು ಇಂಡಿಗೆ ಹೋದಾಗ ನಮ್ಮವರಿಗೆ ಹೊಸ ಬೂಟು ಕಚ್ಚಿ, ಪಂದ್ಯ ಮುಗಿಯುವ ಮೊದಲೇ ಮೂವರು ಅವನ್ನು ಕೈಯಲ್ಲಿ ಹಿಡಿದಿದ್ದರು. ಅವರು ಕೊಟ್ಟ ನಿಂಬೆ ಪಾನಕ ಚೆನ್ನಾಗಿತ್ತು. ಪರಊರಿನ ಪಂದ್ಯಗಳಿಂದ ನಾವು ಗೆದ್ದು ತಂದದ್ದು ಅದೊಂದೇ.

ಕಪ್ಪಿನಲ್ಲಿ ಮಾತ್ರ ದೈವ ಒಲಿಯಿತು. ಚೀಟಿ ಎತ್ತಿದಾಗ ಸೆಮಿಫೈನಲ್ಲೂ ನಮ್ಮ ಕಣದಲ್ಲೇ ಬಂತು, ಇಂಡಿಯನ್ನು ಸೋಲಿಸಿದೆವು. ಮುದ್ದೇಬಿಹಾಳದೊಂದಿಗಿನ ಫೈನಲ್ಲೂ ನಮ್ಮಲ್ಲೇ ಎಂದಾಯಿತು. ಕಪ್ಪನ್ನು ಎಲ್ಲಿಡುವುದೆಂದು ನಾನು ಮನೆಯಲ್ಲಿ ಗೋಡೆ ನೋಡತೊಡಗಿದೆ. ಆಗ ಮುದ್ದೇಬಿಹಾಳದ ತಂಡದ ಯಜಮಾನರು, ವೃತ್ತಿಯಿಂದ ವಕೀಲರು, ಫೋನು ಮಾಡಿದರು.

"ಮಾಸ್ತರ, ನಿಮ್ಮ ಜೆರಾಕ್ಸ್ ಓದಾಕತ್ತೇನ್ರಿ. ಭಾಳ ಚಲೋ ಅನುವಾದ ಮಾಡೀರಿ. ಆಟಗಾರನಿಗೆ ಪಾದರಕ್ಷೆ ಕಡ್ಡಾಯ ಅಂತ ನಿಮ್ಮ ಅಕ್ಷರದಾಗ ಐತಿ. ಬೂಟ್ ಇಲ್ಲದ ಫೈನಲ್ ಆಡಾಂಗಿಲ್ರಿ ನಾವು. ಮತ್ತ ಆ ನಡುವಿನ ಕಂಬಾನೂ ತಗಸ್ರಿ, ಇಲ್ಲಾಂದ್ರ ಕಪ್ಪು ನಮಗ ಬಿಟ್ಟಕೊಡ್ರಿ."

ನನ್ನ ಅನುವಾದವನ್ನು ಈ ಲೋಕದಲ್ಲಿ ಪೂರ್ತಿ ಓದಿದವರು ಅವರೊಬ್ಬರೇ. ಹೊಗಳಿಕೆಗೆ ಹಿಗ್ಗಬೇಕೋ, ಕುಸಿಯಬೇಕೋ ತಿಳಿಯಲಿಲ್ಲ. ಉಳಿದ ಎರಡು ತಂಡಗಳೂ ಅವರ ಪರ ನಿಂತವು. ಸುಟ್ಟ ಅಂಗಾಲಿನವರು ಬೇರೆ ಏನು ಮಾಡಿಯಾರು?

ಈಗ ಲಾಲಸಾಬನಿಗೆ ಹೇಳಬೇಕಾದವನು ನಾನು. ಮೇಟಿ ಕೀಳು ಎಂದರೆ ಕಣ ಬಿಡು ಎಂದಂತೆ, ಮಕ್ಕಳು ಕೊಟ್ಟ ಮಾತು ಅಲ್ಲಿಗೆ ತೀರಿದಂತೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಫೋನಿನಲ್ಲಿ ಕಪ್ಪನ್ನು ಬಿಟ್ಟುಕೊಟ್ಟು ಎಲ್ಲವನ್ನೂ ಮುಗಿಸಬಹುದಿತ್ತು. ಮಾಡಲಿಲ್ಲ, ಕಪ್ಪು ಬೇಕಿತ್ತು ನನಗೆ. ಎರಡು ಸಲ ಅವನ ಮನೆಗೆ ಹೋಗಿ, ಚಹಾ ಕುಡಿದು, ದೇವಣಗಾಂವದ ಬಸ್ಸು ಹೊತ್ತಿಗೆ ಬರುವುದಿಲ್ಲವೆಂದು ಸರ್ಕಾರವನ್ನು ಬೈದು ಎದ್ದು ಬಂದೆ. ಪ್ರಮೇಯಗಳನ್ನು ಗಂಟಲು ಹರಿಯುವಂತೆ ಹೇಳಿದವನಿಗೆ ಗೆಳೆಯನೆದುರು ಒಂದು ವಾಕ್ಯ ಬಾಯಿಗೆ ಬರಲಿಲ್ಲ. ಅವನೇ ಹೇಗಾದರೂ ತಿಳಿದುಕೊಂಡು ತಾನಾಗಿ ಹೇಳಲಿ ಎಂದು ಒಳಗೊಳಗೆ ಕಾಯುತ್ತಿದ್ದೆ. ಇದಕ್ಕೆ ಸಂಕೋಚ ಎಂದು ಹೆಸರಿಟ್ಟುಕೊಂಡಿದ್ದೆ. ಇದು ಶುದ್ಧ ಹೇಡಿತನ.

ಫೈನಲ್ಲಿನ ದಿನ ಬೆಳಿಗ್ಗೆ ಕಣಕ್ಕೆ ಹೋದಾಗ ಲಾಲಸಾಬ ಹಾರೆ ಹಿಡಿದು ಮೇಟಿಯ ಬುಡ ಅಗೆಯುತ್ತಿದ್ದ. ಶರಣು ಹೇಳಿದ್ದನಂತೆ. ನಾನು ಗೆರೆಯಾಚೆ ಬೂಟಿನಲ್ಲೇ ನಿಂತೆ.

"ಲಾಲಸಾಬ, ನಾ ಹೇಳಬೇಕಂತ ಎರಡು ಸಲ ಬಂದಿದ್ದೆ."

"ಗೊತ್ತೈತ್ರಿ. ಮಾಸ್ತರ್ರು ಬಸ್ಸಿನ ಸಲುವಾಗಿ ಎರಡು ದಿನ ಬರೂದಿಲ್ಲಂತ ನಮ್ಮಾಕೀಗೂ ಗೊತ್ತಾಗಿತ್ತು." ಅವನು ಕಂಬವನ್ನು ಅಲ್ಲಾಡಿಸಿ ನೋಡಿದ. "ಮೇಟಿ ಕಿತ್ತಮ್ಯಾಲ ಇದು ಕಣಾ ಅಲ್ರಿ. ಬರೇ ಹೊಲ. ಹೊಲದಾಗ ಬೂಟ್ ಏನ್ರಿ, ಟ್ರ್ಯಾಕ್ಟರೂ ಬರ್ತೈತಿ. ನಿಮ್ಮ ಆಟ ನಿಂದರಬಾರದು."

ಬೇಡ ಎನ್ನಬೇಕಿತ್ತು. ನಾನು ಅಂದದ್ದು, "ಕುಣಿ ಸರಿಯಾಗಿ ಮುಚ್ಚಬೇಕು, ಯಾರದರೆ ಕಾಲು ಉಳುಕೀತು," ಎಂದು. ಅವನು ಮುಚ್ಚಿದ, ಮೇಲೆ ನೀರು ಹೊಡೆದ, ಕಾಲಿನಿಂದ ತುಳಿದು ಸಮ ಮಾಡಿದ. ತುಳಿಯುವಾಗಲೂ ಅವನ ಕಾಲು ಬರಿಗಾಲೇ.

ಮಧ್ಯಾಹ್ನ ಹದಿನಾಲ್ಕು ಜೊತೆ ಬೂಟುಗಳು ಕಣಕ್ಕಿಳಿದವು. ಸಗಣಿ ಸಾರಿಸಿದ ನೆಲ ಹತ್ತೇ ನಿಮಿಷದಲ್ಲಿ ಹಕ್ಕಳೆಯೆದ್ದಿತು. ವೃತ್ತಿಪರ ಆಟ ಕೊನೆಗೂ ನಮ್ಮೂರಿಗೆ ಬಂದಿತ್ತು. ಬಹಳ ಹೊತ್ತು ಯಾರಿಗೂ ಗೋಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಚೆಂಡು ನಟ್ಟನಡುವೆ ಶರಣುವಿನ ಕಾಲಿಗೆ ಬಂತು. ಇಬ್ಬರು ಎದುರು ಬಂದರು. ಶರಣು ಯೋಚಿಸಲಿಲ್ಲ, ತಿಂಗಳುಗಟ್ಟಲೆ ಮಾಡಿದ್ದನ್ನೇ ಮಾಡಿದ. ಮೇಟಿಗೆ ಪಾಸು ಕೊಟ್ಟು, ಪುಟಿದು ಬರುವ ಚೆಂಡಿಗಾಗಿ ಆಚೆ ಬದಿಗೆ ಸುತ್ತಿ ಓಡಿದ. ಚೆಂಡು, ಈಗ ಅಲ್ಲಿಲ್ಲದ ಕಂಬವನ್ನು ಹಾದು ನೆಟ್ಟಗೆ ಹೋಯಿತು, ಮುದ್ದೇಬಿಹಾಳದವನ ಕಾಲಿಗೆ. ಅಲ್ಲಿಂದ ನಮ್ಮ ಗೋಲಿಗೆ. ಶರಣು ಆಚೆ ಬದಿಯಲ್ಲಿ ಇನ್ನೂ ಕಾಲು ಎತ್ತಿಕೊಂಡೇ ನಿಂತಿದ್ದ.

ನನ್ನ ಕುರ್ಚಿಯ ಪಕ್ಕದಲ್ಲಿ, ನೆಲದಿಂದ, ಮೆಲ್ಲಗೆ ಒಂದು ದನಿ ಬಂತು. "ಲಾಭ."

ಮೊದಲನೆಯದು ಯಾರದಾದರೂ ಸರಿ, ಕಣದಲ್ಲಿ ಅದಕ್ಕೆ ಒಂದು ಎನ್ನುವಂತಿಲ್ಲ. ಬೆಳಿಗ್ಗೆ ಇದು ಕಣವಲ್ಲ, ಬರೀ ಹೊಲ ಎಂದು ಅವನು ಹೇಳಿದ್ದು ಸುಳ್ಳು. ನನ್ನ ಮುಖ ಉಳಿಸಲು ಹೇಳಿದ ಸುಳ್ಳು. ಆಡುವವರು ಬೂಟಿನಲ್ಲಿ ತುಳಿಯುತ್ತಿದ್ದುದು ಅವನ ಪಾಲಿಗೆ ಆಗಲೂ ಕಣವೇ ಆಗಿತ್ತು. ಅದನ್ನು ನೋಡುತ್ತ ಅವನು ಇಡೀ ಪಂದ್ಯ ನನ್ನ ಪಕ್ಕದಲ್ಲಿ ಕೂತಿದ್ದ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಅತ್ತ ಕಪ್ಪೂ ಇಲ್ಲ, ಇತ್ತ ಕಣವೂ ಇಲ್ಲ ಎಂಬಲ್ಲಿಗೆ ನಮ್ಮ ಮೊದಲ ಹಾಗೂ ಕೊನೆಯ ಸೀಸನ್ನು ಮುಗಿಯಿತು. ವಕೀಲರು ನನ್ನ ಕೈ ಕುಲುಕಿ ನಿಯಮಬದ್ಧ ಪಂದ್ಯಕ್ಕಾಗಿ ಅಭಿನಂದಿಸಿದರು. ಎಲ್ಲರೂ ಹೋದ ಮೇಲೆ ಗೋಲಿನ ಬಲೆ ಬಿಚ್ಚಲು ಹೊರಟೆ. ಗೆರೆಯ ಹತ್ತಿರ ನಿಂತು ಬೂಟಿನ ಲೇಸು ಬಿಚ್ಚತೊಡಗಿದೆ. "ಈಗ ಹಾಕ್ಕೊಂಡ ಬರಬಹುದಲ್ರಿ ಮಾಸ್ತರ್ರ, ಹಿಮ್ಮಡಿ ನೋಯ್ತೈತಿ," ಎಂದ ಲಾಲಸಾಬ. ನಾನು ಬರಿಗಾಲಲ್ಲಿ ಒಳಗೆ ಹೋದೆ. ನೆಲ ಇನ್ನೂ ಬಿಸಿಯಿತ್ತು. ಬಾಗೇವಾಡಿಯವರ ಕುಣಿತಕ್ಕೆ ನಕ್ಕದ್ದು ನೆನಪಾಯಿತು.

ಮುಂಗಾರಿಗೆ ಮಕ್ಕಳು ಅಲ್ಲಿ ತೊಗರಿ ಬಿತ್ತಿದರು. ಟ್ರ್ಯಾಕ್ಟರ್ ಹೊಡೆದವನು ಶರಣುವೇ; ಅವನ ಉದ್ಯೋಗ ಅದು. ಬಿತ್ತಿದ ಮಾರನೆಯ ದಿನ ಲಾಲಸಾಬ ಮೇಟಿಯನ್ನು ಹೆಗಲ ಮೇಲೆ ಹೊತ್ತು ನಮ್ಮ ಬಾಗಿಲಿಗೆ ಬಂದ. ತನ್ನ ಮನೆಯಲ್ಲಿಟ್ಟರೆ ಒಲೆಗೆ ಸೀಳುತ್ತಾರಂತೆ. "ನಿಮ್ಮ ಹಿತ್ತಲದಾಗ ಒಂದೀಟು ಜಾಗಾ ಐತೇನ್ರಿ?" ಎಂದು ಕೇಳಿದ. ಕೇಳಿದ ಕೂಡಲೇ ತನ್ನ ಕಣವನ್ನೇ ಕೊಟ್ಟವನು ಒಂದು ಕಂಬದಗಲ ಜಾಗವನ್ನು ನನ್ನಲ್ಲಿ ಅಷ್ಟು ಸಂಕೋಚದಿಂದ ಕೇಳಿದ. ಕುಣಿ ನಾನೇ ತೋಡಿದೆ.

ಹೆಂಡತಿ ಅದಕ್ಕೆ ಹಗ್ಗ ಕಟ್ಟಿದಳು, ಕಂಬ ಖಾಲಿ ಯಾಕೆ ನಿಲ್ಲಬೇಕೆಂದು. ಅವಳಿಗೆ ಗೊತ್ತಿಲ್ಲದೆಯೇ ಲಾಲಸಾಬನ ಮಾತನ್ನೇ ಆಡಿದ್ದಳು, ನಾನು ತಡೆಯಲಿಲ್ಲ. ಅಂದಿನಿಂದ ಬಟ್ಟೆ ಒಣಹಾಕುವ ಕೆಲಸ ನನ್ನದು. ಎರಡು ಮಾರು ದೂರದಲ್ಲಿ ಚಪ್ಪಲಿ ಬಿಟ್ಟು, ಕುಂಟುತ್ತ ಕಂಬದವರೆಗೆ ಹೋಗಿ, ಬಕೀಟಿನಿಂದ ಮೊದಲ ಅಂಗಿ ಎತ್ತಿ ಕೊಡವಿ ಹಗ್ಗಕ್ಕೆ ಹಾಕುತ್ತೇನೆ. ಜೀವಮಾನವೆಲ್ಲ ಒಂದಕ್ಕೆ ಒಂದೇ ಎಂದು ಕಲಿಸಿದ ಬಾಯಿ ತಾನಾಗಿ ಲಾಭ ಎನ್ನುತ್ತದೆ. ಆಮೇಲೆ ಎರಡನೆಯ ಅಂಗಿ ಎತ್ತಿಕೊಳ್ಳುತ್ತೇನೆ.