ನಾನೇ ಹೊಲಿದ ಜಾಕೆಟ್

ಅದು 2005ರ ದೀಪಾವಳಿ ಕಳೆದ ಸಮಯ. ಗುಬ್ಬಿಯಲ್ಲಿ ನನ್ನದು ಟೈಲರ್ ಅಂಗಡಿ. ಅಲ್ಲಿ ಹರಟೆಗೆ ಸೇರುತ್ತಿದ್ದ ನಾವು ಐದು ಜನ ದಾಂಡೇಲಿಗೆ ಹೋಗಿ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡುವುದೆಂದು ತೀರ್ಮಾನಿಸಿದೆವು. ರಬ್ಬರ್ ದೋಣಿಯಲ್ಲಿ ಕೂತು, ಬಂಡೆಗಳ ನಡುವೆ ನೊರೆಯುಕ್ಕಿಸುವ ನೀರಿನಲ್ಲಿ ಸಾಗುವುದು. ನಮ್ಮಲ್ಲಿ ಈಜು ಬಾರದವನು ಮಂಜ ಒಬ್ಬನೇ, ನನ್ನ ಹೆಂಡತಿಯ ಒಬ್ಬನೇ ತಮ್ಮ.

"ತೇಲೋ ಜಾಕೆಟ್ ದೋಣಿಯೋರೇ ಕೊಡ್ತಾರಂತೆ ಬುಡು" ಅಂದ ಚೇಳೂರಿನ ಗೆಳೆಯ ನಾಗರಾಜ.

"ಕಂಡೋರು ಹಾಕಿ ಬಿಚ್ಚಿದ್ದು ನಮಗ್ಯಾಕ್ಲಾ? ಸಫಾರಿ ಹೊಲಿಯೋನಿಗೆ ಇದೇನ್ ಮಹಾ!" ಎಂದೆ. ಪೇಪರಿನ ಫೋಟೋ ನೋಡಿಕೊಂಡು, ಕಿತ್ತಳೆ ಬಣ್ಣದ ದಪ್ಪ ಬಟ್ಟೆಯೊಳಗೆ ಹಾಸಿಗೆಯ ಸ್ಪಂಜು ತುಂಬಿ ಐದು ಜಾಕೆಟ್ ಹೊಲಿದೆ. ನೀರಿನ ರಭಸಕ್ಕೆ ಕಳಚಬಾರದೆಂದು ಬೆನ್ನಿಗೆ ನಾಲ್ಕು ಲಾಡಿ ಬೇರೆ. ನೋಡಿದವರು ಭೇಷ್ ಅಂದರು, ನಾನು ಉಬ್ಬಿಹೋದೆ.

ಹೊರಡುವ ಮುಂಚಿನ ಭಾನುವಾರ ಅವನ್ನು ಪರೀಕ್ಷಿಸಲು ನಾಗರಾಜನ ತೋಟದ ಬಾವಿಗೆ ಹೋದೆವು. ಆ ವರ್ಷ ಒಳ್ಳೆ ಮಳೆಯಾಗಿ ಬಾವಿ ತುಂಬಿತ್ತು. ನಾನೇ ಮಂಜನಿಗೆ ಜಾಕೆಟ್ ತೊಡಿಸಿ ಲಾಡಿ ಬಿಗಿದೆ.

"ಧೈರ್ಯವಾಗಿ ನೆಗಿಯೋ, ನಾನಿದೀನಿ."

ನೆಗೆದ. ತೇಲಿದ! ನಾವೆಲ್ಲ ಚಪ್ಪಾಳೆ ತಟ್ಟಿದೆವು, ಅವನೂ ಕೈ ಬೀಸಿದ.

ಸ್ವಲ್ಪ ಹೊತ್ತಿಗೆ ನೀರು ಅವನ ಗದ್ದಕ್ಕೆ ಬಂತು. ಆಮೇಲೆ ಮೂಗಿಗೆ. "ಭಾವಾ..." ಅಂದವನು ಮುಳುಗಿಯೇ ಹೋದ. ಸ್ಪಂಜು ನೀರು ಕುಡಿಯುತ್ತದೆ ಅನ್ನುವುದು ಸಣ್ಣ ಮಗುವಿಗೂ ಗೊತ್ತು. ನನ್ನ ಮಂಡೆಗೆ ಹೊಳೆದದ್ದು ಆಗ!

ಬಟ್ಟೆ ಸಮೇತ ಧುಮುಕಿದೆ. ಕೈಗೆ ಸಿಕ್ಕ, ಆದರೆ ಮೇಲೆತ್ತಲು ಆಗಲಿಲ್ಲ, ಗುಂಡುಕಲ್ಲಿನ ಭಾರ. ಲಾಡಿ ಬಿಚ್ಚೋಣವೆಂದರೆ ನೆನೆದ ಗಂಟು ಜಪ್ಪಯ್ಯ ಅಂದರೂ ಸಡಿಲವಾಗಲಿಲ್ಲ. ಹರಿಯೋಣವೆಂದರೆ ನನ್ನ ಹೊಲಿಗೆ ಒಂದಿಷ್ಟೂ ಬಿಡಲಿಲ್ಲ. ಅಯ್ಯೋ, ನಾನೇ ಕೊಂದೆನಲ್ಲಪ್ಪ ಅನ್ನಿಸಿತು. ಅಷ್ಟರಲ್ಲಿ ನಾಗರಾಜನೂ ನೀರಿಗಿಳಿದು ಅವನ ತಲೆಗೂದಲು ಹಿಡಿದ. ಇಬ್ಬರೂ ಸೇರಿ ಹೇಗೋ ಮೆಟ್ಟಿಲಿಗೆ ಎಳೆದುಹಾಕಿದೆವು. ಮುಖ ನೀಲಿಗಟ್ಟಿತ್ತು. ಬೋರಲು ಮಲಗಿಸಿ ಬೆನ್ನಿಗೆ ಗುದ್ದಿದೆವು. ಕೊನೆಗೂ ಕೆಮ್ಮಿ ನೀರು ಕಕ್ಕಿದ.

ಕಣ್ಣುಬಿಟ್ಟವನು ನನಗೆ ಬಾಯಿಗೆ ಬಂದಂತೆ ಬಯ್ಯುತ್ತಾನೆ ಅಂದುಕೊಂಡೆ. ಮಂಜ ಜಾಕೆಟ್ಟಿನ ಅಂಚು ಮುಟ್ಟಿ ನೋಡಿಕೊಂಡು, "ಇಷ್ಟ್ ಎಳುದ್ರೂ ಒಂದ್ ದಾರ ಬಿಟ್ಟಿಲ್ಲ. ಹೊಲಿಗೆ ಅಂದ್ರೆ ನಿಂದೇ ಕಣ ಭಾವ" ಅಂದ. ಕುಹಕವಲ್ಲ, ಮನಸಾರೆ ಹೇಳಿದ. ನಾನು ಅಲ್ಲೇ ಕುಸಿದು ಕೂತು ಗಳಗಳನೆ ಅತ್ತುಬಿಟ್ಟೆ.

ದಾಂಡೇಲಿಗೆ ನಾವು ಹೋಗಲೇ ಇಲ್ಲ. ಇವತ್ತಿಗೂ ಯಾರಾದರೂ ಗಿರಾಕಿ "ಹೊಲಿಗೆ ಗಟ್ಟಿಯಾಗೈತೆ" ಎಂದು ಹೊಗಳಿದರೆ ನನ್ನ ಕೈಕಾಲು ತಣ್ಣಗಾಗುತ್ತವೆ.