ಮೀನಿಗೆ ಅಮ್ಮ ಬಂದ ಪ್ರಸಂಗ

ಹಲಸೂರು ಮಾರ್ಕೆಟ್ಟಿನ ತಿರುವಿನಲ್ಲಿ ಸೌತೆಕಾಯಿ ಮಾರುವಾಕೆ ಕಾಯನ್ನು ಉದ್ದಕ್ಕೆ ಸೀಳಿ, ಉಪ್ಪು ಉದುರಿಸಿ ಕೈಗಿತ್ತ ಮೇಲೆ, ಅದನ್ನು ಬಾಯಿಗಿಡುವ ಮುನ್ನ ಅರೆಗಳಿಗೆ ದಿಟ್ಟಿಸಿ ನೋಡುವ ದುರಭ್ಯಾಸ ನನಗಿದೆ. ಹಸಿಯಾದ ಆ ಮೈಮೇಲೆ ಉಪ್ಪಿನ ಹರಳುಗಳು ಬೆಳ್ಳಗೆ ಮಿನುಗುತ್ತವೆ. ನೋಡನೋಡುತ್ತಲೇ ನೀರೊಡೆದು ಅದೃಶ್ಯವಾಗುತ್ತವೆ. ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳ ಮೈಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಬಿರುಕಿಲ್ಲವೆಂದು ಮೊಹರು ಒತ್ತುವ ಉದ್ಯೋಗದಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿದವನು ನಾನಾದ್ದರಿಂದ, ಈ ಚಟ ಅಲ್ಲಿಂದಲೇ ಅಂಟಿತೆಂದು ಮನೆಯವರ ನಂಬಿಕೆ. ಓದುಗ ಮಹಾಶಯರೇ, ನಿಮ್ಮಲ್ಲಿ ಮುಚ್ಚುಮರೆಯೇಕೆ? ಅದು ಕಾರ್ಖಾನೆಯ ಕೊಡುಗೆಯಲ್ಲ. ನನಗೆ ಈ ಸಂಶಯಬುದ್ಧಿಯ ದೀಕ್ಷೆ ಕೊಟ್ಟದ್ದು ಒಂದು ಮೀನು.

ಮೀನಿನ ಯಜಮಾನರು ನನ್ನ ಭಾವ ಮುನಿರಾಜಪ್ಪನವರು. ಹೊರಮಾವಿನಲ್ಲಿ ಅವರಿಗೆ ದ್ರಾಕ್ಷಿತೋಟವಿತ್ತು. ಊರು ನಗರದ ಹೊಟ್ಟೆಗೆ ಸೇರುತ್ತಿದ್ದ ತೊಂಬತ್ತರ ದಶಕದಲ್ಲಿ ಚಪ್ಪರಗಳು ಇಳಿದು ಬಾಡಿಗೆಯ ವಠಾರಗಳು ಎದ್ದವು. ಬೆಳಗಾದರೆ ಬಳ್ಳಿಯಿಂದ ಬಳ್ಳಿಗೆ ಎಲೆ ಮಗುಚಿ ನೋಡುತ್ತಿದ್ದ ಮನುಷ್ಯನಿಗೆ ಈಗ ಮಗುಚಿ ನೋಡಲು ದಿನಪತ್ರಿಕೆಯ ಹಾಳೆಗಳಷ್ಟೇ ಉಳಿದವು. ಆ ಶೂನ್ಯದಲ್ಲಿ, ಯಾರದೋ ಗೃಹಪ್ರವೇಶದಲ್ಲಿ ಕಂಡ ಉಪ್ಪುನೀರಿನ ಮೀನಿನ ತೊಟ್ಟಿ ಅವರನ್ನು ಮೋಹಗೊಳಿಸಿತು. ಸಮುದ್ರವನ್ನು ಜನ್ಮದಲ್ಲಿ ಒಂದೆರಡು ಸಲ ಕಂಡಿದ್ದ ಭಾವ, ಅದರ ಒಂದು ತುಂಡನ್ನು ತಂದು ನಡುಮನೆಯಲ್ಲಿ ಸ್ಥಾಪಿಸಿದರು.

ಆ ತುಂಡು ಸಮುದ್ರದಲ್ಲಿ ಬಂಡೆ, ಮರಳು, ಮೀಸೆ ಹೊತ್ತ ಒಂದು ಕೆಂಪು ಸೀಗಡಿ, ಇವೆಲ್ಲಕ್ಕೂ ಅಧಿಪತಿಯಾಗಿ ಅಂಗೈಯಗಲದ ಒಂದು ನೀಲಿ ಮೀನು. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿರುವುದರಿಂದ ಇಂಗ್ಲಿಷಿನವರು ಅದಕ್ಕೆ ಸರ್ಜನ್ ಮೀನೆಂದು ಹೆಸರಿಟ್ಟಿದ್ದಾರೆ. ಭಾವ ‘ದೊರೆ’ ಎಂದು ಕರೆದರು. ಕುರ್ಚಿ ಎಳೆದ ಸದ್ದಾದರೆ ದೊರೆ ಬಂಡೆಯ ಹಿಂದಿನಿಂದ ಬಂದು ಗಾಜಿಗೆ ಮೂತಿಯಿಡುತ್ತಿತ್ತು. ‘ಮನೇಲಿ ನಾನ್ ಬಂದ್ರೆ ಎದ್ ಬರೋದು ಇದೊಂದೇ ಕಣಯ್ಯ’ ಎಂದು ಭಾವ ನನ್ನ ಅಕ್ಕನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದರು. ‘ಅದಕ್ಕೇನು, ಕಾಲ್ನೋವಾ ಕೈನೋವಾ?’ ಎಂದು ಅಡುಗೆಮನೆಯಿಂದ ಉತ್ತರ ಬರುತ್ತಿತ್ತು.

ಹೀಗಿರಲು ಒಂದು ಬೆಳಗ್ಗೆ ದೊರೆಯ ನೀಲಿ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣಿಸಿದವು. ಮೇವು ಮುಟ್ಟದೆ, ಬಂಡೆಗೆ ಮೈ ಉಜ್ಜಿಕೊಳ್ಳುತ್ತ, ಏದುಸಿರು ಬಿಡುತ್ತ ಅದು ಮೂಲೆ ಹಿಡಿಯಿತು. ಅಕ್ಕ ಕನ್ನಡಕ ಏರಿಸಿ ನೋಡಿ, ಕೆನ್ನೆ ಬಡಿದುಕೊಂಡು ರೋಗನಿದಾನ ಮಾಡಿದಳು: ‘ಅಯ್ಯೋ, ಅಮ್ಮ ಬಂದವ್ಳೆ ಕಣೋ!’

ಮೈಮೇಲೆ ಗುಳ್ಳೆಯೆದ್ದರೆ ಅದು ಕಾಯಿಲೆಯಲ್ಲ, ಮನೆಗೆ ಬಂದ ತಾಯಿ ಎಂಬುದು ನಮ್ಮ ಕಡೆಯ ನಂಬಿಕೆ. ಅತಿಥಿಗೆ ತಕ್ಕ ಉಪಚಾರವೂ ಗೊತ್ತಾದದ್ದೇ. ತೊಟ್ಟಿಯ ಮೇಲೆ ಬೇವಿನ ಸೊಪ್ಪು ತೂಗಿತು. ಗಾಜಿಗೆ ಹಳದಿ ಬಟ್ಟೆಯ ತೆರೆ ಬಿತ್ತು; ದೀಪ ಆರಿತು; ಟೀವಿ ಮೂಕವಾಯಿತು. ಒಗ್ಗರಣೆಯ ಚುರ್ ಸದ್ದು ತಾಯಿಗೆ ಆಗದಾದ್ದರಿಂದ, ಒಂದು ಮೀನಿನ ಆರೋಗ್ಯಕ್ಕಾಗಿ ಇಡೀ ಸಂಸಾರ ಒಗ್ಗರಣೆಯಿಲ್ಲದ ಸಪ್ಪೆ ಸಾರನ್ನು ಉಣ್ಣತೊಡಗಿತು. ಮಾಂಸಾಹಾರದ ಮಾತಂತೂ ಎತ್ತುವಂತಿರಲಿಲ್ಲ. ಆ ವಾರ ಹೊರಮಾವಿನಲ್ಲಿ ಅತ್ಯಂತ ಸುರಕ್ಷಿತವಾಗಿದ್ದ ಜೀವಿಗಳೆಂದರೆ ಅಕ್ಕನ ಹಿತ್ತಿಲ ಕೋಳಿಗಳು.

ಆಶ್ಚರ್ಯವೆಂದರೆ ಕೆಲವೇ ದಿನಗಳಲ್ಲಿ ಚುಕ್ಕೆಗಳು ಮಾಯವಾದವು! ವಂಶದ ಏಕಮಾತ್ರ ತಪಾಸಣಾಧಿಕಾರಿಯಾದ ನನ್ನನ್ನು ಕರೆಸಲಾಯಿತು. ನಾನು ಭೂತಗನ್ನಡಿ ಹಿಡಿದು, ದೊರೆಯನ್ನು ಎಡದಿಂದಲೂ ಬಲದಿಂದಲೂ ಅವಲೋಕಿಸಿ, ವಿಮಾನದ ರೆಕ್ಕೆಗೆ ತೋರುವ ಗಾಂಭೀರ್ಯದಿಂದಲೇ ‘ಮೈ ನಿರ್ಮಲವಾಗಿದೆ’ ಎಂದು ಘೋಷಿಸಿದೆ. ಅಕ್ಕ ಮೊಸರನ್ನ, ಎಳನೀರು ಎಡೆಯಿಟ್ಟು ತಾಯಿಯನ್ನು ತಂಪು ಮಾಡಿ ಬೀಳ್ಕೊಟ್ಟಳು. ಮೀನಿಗೆ ಬೇವು ಅರಿಸಿನದ ಸ್ನಾನ ಮಾಡಿಸಲು ಆಗದ್ದರಿಂದ ತೊಟ್ಟಿಯ ಗಾಜನ್ನೇ ಆ ನೀರಿನಲ್ಲಿ ಒರೆಸಿದಳು. ಅಂದು ಒಗ್ಗರಣೆಯ ಸದ್ದು ಮಂಗಳವಾದ್ಯದಂತೆ ಮೊಳಗಿತು. ಕೋಳಿಗಳ ಅಭಯ ಅಂದಿಗೇ ಮುಗಿಯಿತು.

ಮುಂದಿನ ವಾರ ಕಳೆಯುವಷ್ಟರಲ್ಲಿ ದೊರೆಯ ಮೈಯಲ್ಲಿ ನೀಲಿಗಿಂತ ಬಿಳಿಯೇ ಹೆಚ್ಚಾಗಿತ್ತು.

ಕುರ್ಚಿ ಎಳೆದರೂ ದೊರೆ ಬರಲಿಲ್ಲವೆಂಬುದನ್ನು ಭಾವ, ಕುರ್ಚಿಯನ್ನು ಮತ್ತೆ ಮತ್ತೆ ಎಳೆದು ನನಗೆ ತೋರಿಸಿದರು. ಮೀನು ಮಾರಿದ ಅಂಗಡಿಯವನು, ಶಿವಾಜಿನಗರದಲ್ಲಿ ಡಾಕ್ಟರ್ ಜುಬೇದಾ ಎಂಬ ನಿವೃತ್ತ ಮಹಿಳೆ ಇದ್ದಾರೆಂದೂ, ಸರ್ವಿಸಿನುದ್ದಕ್ಕೂ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮನುಷ್ಯರ ರಕ್ತ ನೋಡಿದವರು ಈಗ ಮನೆತುಂಬ ಸಮುದ್ರದ ಮೀನು ಸಾಕಿದ್ದಾರೆಂದೂ ಹೇಳಿದ. ದೊರೆಯನ್ನು ಮುಚ್ಚಳದ ಬಕೆಟ್ಟಿನಲ್ಲಿಟ್ಟು ಆಟೋ ಹತ್ತಿದೆವು. ಕೆ.ಆರ್. ಪುರದ ತೂಗುಸೇತುವೆ ಇನ್ನೂ ಕಟ್ಟುತ್ತಲೇ ಇದ್ದ ಕಾಲ. ಪ್ರತಿ ಗುಂಡಿಗೂ ಹಿಂದೂ ಮಹಾಸಾಗರ ನನ್ನ ಪ್ಯಾಂಟಿನ ಮೇಲೆ ಉಕ್ಕುತ್ತಿತ್ತು. ಆಟೋದವನು ಕನ್ನಡಿಯಲ್ಲಿ ನೋಡಿ, ‘ಎನ್ನಾ ಸಾರ್, ಮೀನಾ? ಮಾರ್ಕೆಟ್‌ನಿಂದ ಮನೆಗೆ ತಗೊಂಡ್ ಹೋಗೋರ್ನ ನೋಡಿದೀನಿ. ಮನೆಯಿಂದ ಮಾರ್ಕೆಟ್ ಕಡೆ ತರೋರು ನೀವೇ ಫಸ್ಟು’ ಎಂದ.

ಡಾಕ್ಟರ್ ಜುಬೇದಾ ಅವರಲ್ಲಿ ವಿನಯವೆಂಬುದು ಲವಲೇಶವೂ ಇರಲಿಲ್ಲ. ಅಷ್ಟು ತಿಳಿದವರಿಗೆ ಅದರ ಅಗತ್ಯವೂ ಇಲ್ಲವೆಂದು ನನಗೆ ಅಂದೇ ಮನವರಿಕೆಯಾಯಿತು. ಒದ್ದೆ ಬಟ್ಟೆಯಲ್ಲಿ ದೊರೆಯನ್ನು ಹಸುಗೂಸಿನಂತೆ ಹಿಡಿದು, ಗಾಜಿನ ಚೂರಿನಂಚಿನಿಂದ ಪಕ್ಕೆಯ ಲೋಳೆಯನ್ನು ಹೂವಿನಷ್ಟು ಹಗುರಾಗಿ ಕೆರೆದು, ಮೀನನ್ನು ನೀರಿಗೆ ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಉಸಿರು ನಾಲ್ಕೆಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ‘ಬನ್ನಿ, ನಿಮ್ಮ ಮನೆಗೆ ಬಂದ ಮೆಹಮಾನ್‌ನ ನೋಡಿ’ ಎಂದು ನನ್ನನ್ನು ಕರೆದರು. ಇಣುಕಿದೆ. ಮೈಯೆಲ್ಲ ರೋಮವಿದ್ದ ಬೂದುಬಣ್ಣದ ಒಂದು ಮುದ್ದೆ, ಯಾವ ದೇವರಿಗೋ ಹರಕೆ ಹೊತ್ತಂತೆ, ನಿಧಾನವಾಗಿ ಉರುಳುಸೇವೆ ಮಾಡುತ್ತಿತ್ತು.

‘ಚುಕ್ಕೆ ಹೋಗಿತ್ತಲ್ಲ ಮೇಡಂ, ನಾವೇ ತಂಪು ಮಾಡಿ ಕಳ್ಸಿದ್ವಿ’ ಎಂದರು ಭಾವ, ನಡೆದದ್ದನ್ನೆಲ್ಲ ಒಪ್ಪಿಸುತ್ತ.

‘ಹೋಗಿಲ್ಲ ಜೀ, ಕೆಳಗೆ ಇಳಿದಿದೆ ಅಷ್ಟೇ’ ಎಂದರು ಡಾಕ್ಟರು. ಈ ಪರೋಪಜೀವಿ ಮೀನಿನ ತೊಗಲಿನಡಿ ಹೊಕ್ಕು ಉಂಡು ದಪ್ಪವಾಗುತ್ತದೆ. ಆಗ ನಮಗೆ ಚುಕ್ಕೆ ಕಾಣುತ್ತದೆ. ಹೊಟ್ಟೆ ತುಂಬಿದ ಮೇಲೆ ಉದುರಿ, ಮರಳಿನಲ್ಲಿ ಚಿಪ್ಪು ಕಟ್ಟಿಕೊಂಡು, ಒಳಗೇ ಒಂದು ನೂರಾಗುತ್ತದೆ. ಆ ಹೊತ್ತಿನಲ್ಲಿ ಮೀನಿನ ಮೈ ನಿರ್ಮಲ; ನನ್ನಂಥ ತಪಾಸಣಾಧಿಕಾರಿಗಳು ಮೊಹರು ಒತ್ತುವುದು ಆಗಲೇ. ಆಮೇಲೆ ಚಿಪ್ಪೊಡೆದ ಸೈನ್ಯ ಮೀನನ್ನು ಹುಡುಕಿಕೊಂಡು ಈಜಿ ಬರುತ್ತದೆ. ತೊಗಲಿನಡಿ ಇದ್ದಾಗ ಔಷಧ ತಟ್ಟದು, ಚಿಪ್ಪಿನೊಳಗಿದ್ದಾಗಲೂ ತಟ್ಟದು. ಈಜುವಾಗ ಮಾತ್ರ ಅದು ದುರ್ಬಲ.

ಅಕ್ಕನನ್ನು ಅವರು ಗೇಲಿ ಮಾಡುತ್ತಾರೆಂದು ನಾನು ಮೈ ಹಿಡಿ ಮಾಡಿಕೊಂಡಿದ್ದೆ. ಅವರು ಹೇಳಿದ್ದೇ ಬೇರೆ: ‘ದೀಪ ಆರಿಸಿದ್ರು, ಸದ್ದು ಕಮ್ಮಿ ಮಾಡಿದ್ರು, ಯಾರೂ ಹತ್ರ ಹೋಗ್ಲಿಲ್ಲ. ಬಹುತ್ ಅಚ್ಛಾ. ನಾನೂ ಅದನ್ನೇ ಹೇಳ್ತಿದ್ದೆ. ತಪ್ಪು ಒಂದೇ, ತಾಯೀನ ಬೇಗ ಕಳಿಸಿಬಿಟ್ರಿ.’

ಚಿಕಿತ್ಸೆ ಹೀಗೆ: ದೊರೆಗೆ ಮರಳಿಲ್ಲದ, ಬಂಡೆಯಿಲ್ಲದ ಬೇರೆ ನೀರು, ಅದರಲ್ಲಿ ಅಳೆದು ಹಾಕಿದ ತಾಮ್ರದ ಔಷಧ. ದೊಡ್ಡ ತೊಟ್ಟಿಗೆ ತಾಮ್ರದ ಹನಿಯೂ ಬೀಳಕೂಡದು, ಸೀಗಡಿ ಸಾಯುತ್ತದೆ. ಆ ತೊಟ್ಟಿ ವಾರಗಟ್ಟಲೆ ಮೀನಿಲ್ಲದೆ ಬರಿದಾಗಿರಬೇಕು. ಮರಳಿನಿಂದ ಏಳುವ ಸೈನ್ಯಕ್ಕೆ ಅನ್ನ ಸಿಗದೆ ಅದು ತಾನಾಗಿ ನಾಶವಾಗಬೇಕು. ‘ತಾಮ್ರ ಕಮ್ಮಿಯಾದ್ರೆ ಹುಳ ಉಳಿಯುತ್ತೆ, ಜಾಸ್ತಿಯಾದ್ರೆ ಮೀನು ಹೋಗುತ್ತೆ. ಆಗುತ್ತಾ ನಿಮ್ಮ ಕೈಲಿ?’

ತಾಮ್ರವೆಂದಾಗ ಭಾವನ ಮುಖದಲ್ಲಿ ಬಹುಕಾಲದ ಮೇಲೆ ಹಳೆಯ ಬೆಳಕು ಮೂಡಿತು. ‘ಮೈಲುತುತ್ತ ಅಲ್ವಾ ಮೇಡಂ? ದ್ರಾಕ್ಷಿ ಎಲೆಗೆ ಬಿಳಿ ಬೂಷ್ಟು ಬಂದ್ರೆ ಹೊಡೀತಿದ್ದೆ. ಒಂಚೂರು ಹೆಚ್ಚಾದ್ರೆ ಎಲೆ ಸುಟ್ಟೋಗ್ತಿತ್ತು. ಕೈ ಮರ್ತಿಲ್ಲ.’

ಡಾಕ್ಟರು ಮೊದಲ ಬಾರಿಗೆ ಅವರನ್ನು ಪೂರ್ತಿಯಾಗಿ ನೋಡಿದರು. ‘ಹಾಗಾದ್ರೆ ಬದುಕುತ್ತೆ’ ಎಂದರು.

ದೊರೆ ಬಚ್ಚಲುಮನೆಯ ನೀಲಿ ಡ್ರಮ್ಮಿಗೆ ದಯಮಾಡಿಸಿತು. ಡಾಕ್ಟರು ಕೊಟ್ಟ ಔಷಧವನ್ನು ಭಾವ ಹನಿಹನಿಯಾಗಿ ಬಿಟ್ಟು, ನೀರಿನ ಬಣ್ಣ ಪರೀಕ್ಷಿಸಿ, ಕಡಿಮೆಯಾದದ್ದನ್ನು ತುಂಬಿಸುತ್ತಿದ್ದರು. ಚುಕ್ಕೆಗಳು ಬೇಗನೆ ಮರೆಯಾದವು. ಮೀನು ಮೇವು ತಿಂದಿತು. ನಿಜವಾದ ಪರೀಕ್ಷೆ ಬಂದದ್ದು ಆಮೇಲೆಯೇ: ಭಾವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಗೊತ್ತಾಯಿತು.

‘ಖಾಲಿ ಗಾಜಿನ ಪೆಟ್ಗೆಗೆ ಲೈಟ್ ಹಾಕ್ಕೊಂಡು ಕೂತವ್ರೆ ಅಂದ್ಕೊಳ್ಳಲ್ವಾ? ಚುಕ್ಕೆ ಇಲ್ಲ, ಏನಿಲ್ಲ. ಒಂದಿನದ ಮಟ್ಟಿಗೆ ತೊಟ್ಟಿಗೆ ಬಿಡ್ರೀ!’ ಎಂದು ಅಕ್ಕ ಪಟ್ಟು ಹಿಡಿದಳು. ತಜ್ಞಾಭಿಪ್ರಾಯಕ್ಕಾಗಿ ನನ್ನ ಕಡೆ ತಿರುಗಿದಳು. ನಾನು ಛಾವಣಿಯನ್ನು ತಪಾಸಣೆ ಮಾಡಿದೆ.

‘ಚುಕ್ಕೆ ಕಾಣಲ್ಲ ಅಂತ ಹೋದ್ಸಲ ತಾಯಿಗೆ ಊಟ ಹಾಕಿ ಕಳ್ಸಿದ್ವಲ್ಲ, ಸಾಲ್ದಾ?’ ಎಂದರು ಭಾವ. ಅಷ್ಟೇ.

ಬೀಗರು ಬಂದರು. ಉಪ್ಪಿಟ್ಟು ತಿನ್ನುತ್ತ ಬರಿದಾದ ಸಮುದ್ರವನ್ನು ನೋಡಿದರು. ಗಂಡಿನ ತಂದೆ ತಡೆಯಲಾರದೆ, ‘ಮೀನೆಲ್ರೀ?’ ಎಂದು ಕೇಳಿದರು. ಭಾವ ಎದ್ದು, ‘ಬನ್ನಿ’ ಎಂದು ಹೆಣ್ಣು ನೋಡುವ ಶಾಸ್ತ್ರವನ್ನು ಅರ್ಧಕ್ಕೆ ಬಿಡಿಸಿ, ಅವರನ್ನು ನೇರ ಬಚ್ಚಲುಮನೆಗೆ ಕರೆದೊಯ್ದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಚ್ಚಲಿನಿಂದ ಅವರು ಬೇಗ ಹೊರಬರಲಿಲ್ಲ. ಒಳಗಿನಿಂದ ಮೈಲುತುತ್ತ, ಸುಣ್ಣ, ಸುಟ್ಟ ಎಲೆ ಎಂಬ ಮಾತುಗಳು ಕೇಳಿಬರುತ್ತಿದ್ದವು. ಅವರದೂ ಒಂದು ಕಾಲದಲ್ಲಿ ದ್ರಾಕ್ಷಿತೋಟವಂತೆ. ಹೊರಬಂದವರು ಹೆಂಡತಿಗೆ ಹೇಳಿದ್ದು ಇಷ್ಟೇ: ‘ಒಂದ್ ಮೀನಿಗೆ ಇಷ್ಟ್ ಮಾಡೋ ಮನೆ ಕಣೇ.’ ಹುಡುಗಿಯನ್ನು ಅವರು ಆಮೇಲೆ ನೋಡಿದರು. ಒಪ್ಪಿಗೆ ಅಷ್ಟರಲ್ಲೇ ಆಗಿತ್ತೆಂದು ನನ್ನ ಊಹೆ.

ಗಡುವು ಮುಗಿದಾಗ ಡಾಕ್ಟರು ತಾವೇ ಬಂದರು. ಡ್ರಮ್ಮಿಗೆ ಬಾಗಿ ಬಹಳ ಹೊತ್ತು ನೋಡಿದರು. ‘ಹೋಯ್ತಾ ಮೇಡಂ?’ ಎಂದು ಭಾವ ಕೇಳಿದರೆ, ‘ನನಗೆ ಕಾಣಿಸ್ತಾ ಇಲ್ಲ. ಈಗ ಬಿಡಬಹುದು’ ಎಂದರು. ಅಷ್ಟು ಬಲ್ಲವರು ಅಷ್ಟೇ ಹೇಳಿದ್ದನ್ನು ಕೇಳಿ, ನಾನು ಅಂದಿನವರೆಗೆ ಒತ್ತಿದ ಮೊಹರುಗಳೆಲ್ಲ ಕಣ್ಣ ಮುಂದೆ ಬಂದು, ಆಕಾಶದಲ್ಲಿ ಹಾರಾಡುತ್ತಿದ್ದ ವಿಮಾನಗಳ ಕ್ಷೇಮಕ್ಕಾಗಿ ಮನಸ್ಸಿನಲ್ಲೇ ಕೈಮುಗಿದೆ. ದೊರೆ ತನ್ನ ಸಮುದ್ರಕ್ಕಿಳಿದು ಬಂಡೆಯ ಹಿಂದೆ ಮರೆಯಾಯಿತು. ಭಾವ ಕುರ್ಚಿ ಎಳೆದರು. ನೀಲಿ ಮೂತಿಯೊಂದು ಬಂದು ಗಾಜಿಗೆ ತಾಗಿತು. ಅಕ್ಕ ಮೊಸರನ್ನ ತರಲು ಎದ್ದವಳು, ಏನೋ ನೆನಪಾಗಿ, ‘ಇನ್ನೊಂದ್ ವಾರ ಹೋಗ್ಲಿ’ ಎಂದು ಕೂತಳು.

ಸೌತೆಕಾಯಿ ಮಾರುವಾಕೆ ಈಗಲೂ ನನ್ನನ್ನು ಕಂಡು ನಗುತ್ತಾಳೆ: ‘ಏನ್ ಸ್ವಾಮಿ, ಉಪ್ಪು ಕಾಣಿಸ್ತಿಲ್ವಾ? ಇನ್ನೊಂಚೂರು ಹಾಕ್ಲಾ?’ ಹಿಂದಾದರೆ ಹೂಂ ಅನ್ನುತ್ತಿದ್ದೆ. ಈಗ ಬೇಡವೆನ್ನುತ್ತೇನೆ. ಬರಿದಾಗಿ ಹೊಳೆಯುವ ಹೋಳನ್ನು ಬಾಯಿಗಿಟ್ಟುಕೊಳ್ಳುತ್ತೇನೆ. ಉಪ್ಪಿದೆ, ಎಲ್ಲಿಗೂ ಹೋಗಿಲ್ಲ.