ಮಿಸ್ ‘ಮೋಡ’ ಎಂದ ದಿನಗಳು

ಬನಶಂಕರಿ ಬಸ್ ನಿಲ್ದಾಣದ ಪಕ್ಕ ತಳ್ಳುಗಾಡಿಯಲ್ಲಿ ಕಡಲೆಕಾಯಿ ಬೇಯಿಸಿ ಮಾರುತ್ತಾರೆ. ಉಪ್ಪುನೀರಿನಲ್ಲಿ ಬೆಂದ ಸಿಪ್ಪೆಯ ಆ ವಾಸನೆ ಬಂದರೆ ನಾನು ಸಾಮಾನ್ಯವಾಗಿ ಹೆಜ್ಜೆ ಜೋರು ಮಾಡಿ ದಾಟಿಬಿಡುತ್ತೇನೆ. ನಿನ್ನೆ ಸಂಜೆ ಮಾತ್ರ ನಿಂತೆ. ಗಾಡಿಯವರು ‘ಎಷ್ಟು ಕೊಡ್ಲಿ ಮೇಡಂ?’ ಎಂದಾಗ ಒಂದು ಪೊಟ್ಟಣ ಕೇಳಿದೆ. ಪೊಟ್ಟಣದ ಬಿಸಿ ಕೈಗೆ ತಾಗಿದ್ದೇ ತಡ, ಗಿರಿನಗರದ ಆ ಮಹಡಿ, ಅಲ್ಲಿ ಹಾಸಿರುತ್ತಿದ್ದ ಚಾಪೆಗಳು, ಮಿಸ್... ಎಲ್ಲ ಒಟ್ಟಿಗೆ ನೆನಪಾಯಿತು.

ಮಿಸ್ ಮಾಡುತ್ತಿದ್ದಂಥ ಕ್ಲಾಸಿಗೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ. ಫೋನಿನಲ್ಲಿ ಆ್ಯಪ್ ಇದೆ. ನಮ್ಮ ಆಫೀಸಿಗೂ ಆಗಾಗ ಯಾರೋ ಬಂದು ಎಲ್ಲರ ಕಣ್ಣು ಮುಚ್ಚಿಸಿ ಹೋಗುತ್ತಾರೆ, ಮುಚ್ಚಿದವರಲ್ಲಿ ಅರ್ಧ ಜನ ನಿದ್ದೆ ಹೊಡೆಯುತ್ತಾರೆ. ಮಿಸ್ ಮನೆಯ ಗೇಟಿಗೆ ಒಂದು ತಗಡು ನೇತಾಡುತ್ತಿತ್ತು, ಅಷ್ಟೇ. ‘ಮನಸ್ಸಿನ ಕ್ಲಾಸು, ಮಕ್ಕಳಿಗೂ ದೊಡ್ಡವರಿಗೂ’ ಎಂದು ಅದರ ಮೇಲೆ ಪೇಂಟಿನಲ್ಲಿ ಬರೆದಿತ್ತು. ಅವರು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಒಬ್ಬರೇ ಇದ್ದರು. ಎಲ್ಲರಿಗೂ ಅವರು ಮಿಸ್. ನಮ್ಮಪ್ಪನೂ ಅವರನ್ನು ಹಾಗೇ ಕರೆಯುತ್ತಿದ್ದರು.

ನಾನು ಆಗ ನಾಲ್ಕನೇ ಕ್ಲಾಸು. ಆ ವರ್ಷ ಅಮ್ಮ ತೀರಿಕೊಂಡಿದ್ದರು. ಕಾಯಿಲೆ ಜಾಸ್ತಿಯಾದಾಗ ನನ್ನನ್ನು ತಲಘಟ್ಟಪುರದ ದೊಡ್ಡಮ್ಮನ ಮನೆಗೆ ಕಳಿಸಿದರು. ಕೇಳಿದಾಗಲೆಲ್ಲ ‘ಅಮ್ಮ ಹುಷಾರಾಗ್ತಿದಾಳೆ’ ಎನ್ನುತ್ತಿದ್ದರು. ವಾಪಸು ಬಂದಾಗ ಅಮ್ಮನ ಮಂಚ ಇರಲಿಲ್ಲ, ಆ ಜಾಗದಲ್ಲಿ ಹೊಲಿಗೆ ಮಷೀನು ತಂದಿಟ್ಟಿದ್ದರು. ಮಕ್ಕಳು ಸಾವು ನೋಡಬಾರದು ಎಂಬುದು ನಮ್ಮ ಮನೆಯವರೆಲ್ಲ ಸೇರಿ ಮಾಡಿಕೊಂಡ ತೀರ್ಮಾನ. ನಾನು ಏನೂ ಕೇಳಲಿಲ್ಲ. ಸ್ಕೂಲಿನಲ್ಲೂ ಮಾತು ನಿಲ್ಲಿಸಿದೆ. ಅಲ್ಲಿಯ ಟೀಚರ್ ಒಬ್ಬರು ಮಿಸ್ ವಿಳಾಸ ಕೊಟ್ಟರು.

ಅಪ್ಪ ನನ್ನನ್ನು ಬಿಟ್ಟು ಅಂಗಡಿಗೆ ಹೋಗಲು ಹೊರಟಿದ್ದರು. ಮಿಸ್ ಬಿಡಲಿಲ್ಲ. ‘ನೀವೂ ಕೂತ್ಕೊಳಿ ಸಾರ್, ಇದು ಟ್ಯೂಷನ್ ಅಲ್ಲ’ ಎಂದರು. ಭಾನುವಾರ ಬೆಳಿಗ್ಗೆ ದೊಡ್ಡವರು, ಮಕ್ಕಳು ಎಲ್ಲ ಚಾಪೆಯ ಮೇಲೆ ಸುತ್ತ ಕೂರುತ್ತಿದ್ದೆವು. ಬಿದಿರಿನ ಬುಟ್ಟಿಯಲ್ಲಿ ಬೇಯಿಸಿದ ಕಡಲೆಕಾಯಿ ಕೈಯಿಂದ ಕೈಗೆ ಬರುತ್ತಿತ್ತು. ಒಂದು ತೆಗೆದುಕೊಂಡು ಅಂಗೈಯಲ್ಲಿ ಹಿಡಿದು, ಇವತ್ತು ಮನಸ್ಸಿನ ಹವಾಮಾನ ಹೇಗಿದೆ ಎಂದು ಒಂದೇ ಮಾತಿನಲ್ಲಿ ಹೇಳಬೇಕು. ಬಿಸಿಲು, ಗಾಳಿ, ಮಳೆ... ಮಿಸ್ ಕೂಡ ಹೇಳುತ್ತಿದ್ದರು. ಉಳಿದವರು ಬರೀ ಕೇಳಿಸಿಕೊಳ್ಳಬೇಕು. ಯಾಕೆ ಎಂದು ಮಾತ್ರ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಯಾಕೆ ಎಂದರೆ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ ಎನ್ನುವುದು ಮಿಸ್ ನಂಬಿಕೆ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ, ಸಿಪ್ಪೆ ಬಿಡಿಸುವ ಸದ್ದು ಕೇಳುತ್ತ, ನಿಧಾನಕ್ಕೆ ಅಗಿಯಬೇಕು.

ಅಪ್ಪ ಪ್ರತಿಸಲ ‘ಬಿಸಿಲು’ ಎನ್ನುತ್ತಿದ್ದರು. ಹಿಂದಿನ ರಾತ್ರಿ ಊಟ ಮುಟ್ಟದೆ ಎದ್ದಿದ್ದರೂ ಬಿಸಿಲೇ. ನನಗೆ ಸಿಟ್ಟು ಬರುತ್ತಿತ್ತು. ನನ್ನ ಸರದಿ ಬಂದಾಗ ನಾನು ಕಡಲೆಕಾಯಿ ಹಿಡಿದು ಸುಮ್ಮನೆ ಕೂರುತ್ತಿದ್ದೆ. ಮಿಸ್ ಅವಸರ ಮಾಡುತ್ತಿರಲಿಲ್ಲ, ಬುಟ್ಟಿ ಮುಂದಕ್ಕೆ ಕಳಿಸುತ್ತಿದ್ದರು. ನಾನು ಅದನ್ನು ತಿನ್ನದೆ ಫ್ರಾಕಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅವು ಅಲ್ಲೇ ಬೂಷ್ಟು ಹಿಡಿದು, ಆಗಾಗ ಬಂದು ಬಟ್ಟೆ ಒಗೆದುಕೊಡುತ್ತಿದ್ದ ದೊಡ್ಡಮ್ಮನ ಕೈಗೆ ಸಿಕ್ಕಿ ಬೈಸಿಕೊಂಡಿದ್ದೂ ಇದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮಿಸ್ ‘ಮೋಡ’ ಎನ್ನಲು ಶುರು ಮಾಡಿದರು. ಮುಂದಿನ ವಾರವೂ ಮೋಡ. ಅದರ ಮುಂದಿನ ವಾರವೂ ಅದೇ. ದೊಡ್ಡವರೆಲ್ಲ ಚೆನ್ನಾಗಿ ಪಳಗಿದ್ದರು, ತಲೆ ಆಡಿಸಿ ಸುಮ್ಮನಾಗುತ್ತಿದ್ದರು. ನಾನು ಮಿಸ್ ಕೈ ನೋಡುತ್ತಿದ್ದೆ. ಬುಟ್ಟಿ ಎತ್ತಿದಾಗ ಅವರ ಗಾಜಿನ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಮೊದಲು ಹಾಗೆ ಜಾರುತ್ತಿರಲಿಲ್ಲ. ಅದು ನನಗೆ ಗೊತ್ತಿದ್ದ ಗುರುತು.

ಒಂದು ಭಾನುವಾರ ಅವರು ಮತ್ತೆ ‘ಮೋಡ’ ಎಂದ ಕೂಡಲೇ ನನ್ನ ಬಾಯಿಂದ ಬಂದುಬಿಟ್ಟಿತು. ‘ಯಾಕೆ ಮಿಸ್?’

ಎಲ್ಲರೂ ನನ್ನತ್ತ ತಿರುಗಿದರು. ನನ್ನ ದನಿಯನ್ನೇ ಅವರಲ್ಲಿ ಎಷ್ಟೋ ಜನ ಕೇಳಿರಲಿಲ್ಲ. ಅಪ್ಪ ನನ್ನ ಮಂಡಿ ಅದುಮಿದರು. ಎದುರಿಗಿದ್ದ ಅಂಕಲ್ ಒಬ್ಬರು ‘ಹಾಗೆ ಕೇಳ್ಬಾರ್ದು ಪುಟ್ಟಾ’ ಎಂದರು.

‘ಕೇಳ್ಲಿ ಬಿಡಿ’ ಎಂದರು ಮಿಸ್. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ‘ಹೊಟ್ಟೇಲಿ ಗಡ್ಡೆ ಆಗಿದೆ ಪುಟ್ಟಿ. ಔಷಧಿ ಕೊಡ್ತಿದಾರೆ, ಅದು ಕೇಳ್ತಿಲ್ಲ.’

‘ಹುಷಾರಾಗ್ತೀರಾ?’

‘ಇಲ್ಲ ಅನ್ಸತ್ತೆ.’

‘ನಮ್ಮಮ್ಮಂಗೂ ಬಳೆ ಹೀಗೇ ಜಾರ್ತಿತ್ತು’ ಎಂದೆ. ಅಮ್ಮ ಹೋದ ಮೇಲೆ ಅಮ್ಮನ ಬಗ್ಗೆ ನಾನು ಆಡಿದ ಮೊದಲ ಮಾತು ಅದು. ಅಪ್ಪ ಎದ್ದು ಹೊರಗೆ ಹೋದರು. ಕ್ಲಾಸು ಮುಗಿಯುವವರೆಗೂ ಕೆಳಗೆ ಸ್ಕೂಟರಿನ ಪಕ್ಕ ನಿಂತಿದ್ದರು.

ಮನೆಗೆ ಬಂದು, ಇನ್ನು ಆ ಕ್ಲಾಸು ಬೇಡ ಎಂದರು. ಇನ್ನೊಂದು ಸಲ ನನ್ನನ್ನು ದೊಡ್ಡಮ್ಮನ ಮನೆಗೆ ಕಳಿಸುತ್ತಾರೆ, ವಾಪಸು ಬಂದಾಗ ಮಿಸ್ ಇರುವುದಿಲ್ಲ, ಅವರ ಚಾಪೆಯೂ ಇರುವುದಿಲ್ಲ ಎಂದು ನನಗೆ ಖಚಿತವಾಯಿತು. ನಾನು ಊಟ ಬಿಟ್ಟೆ. ಅತ್ತು ರಂಪ ಮಾಡಲಿಲ್ಲ, ತಟ್ಟೆ ದೂಡಿ ಕೂತೆ. ಅಪ್ಪನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎರಡು ಭಾನುವಾರ ನಾವು ಕಾಣಿಸದೆ ಹೋದಾಗ ಮಿಸ್ ತಾವೇ ಆಟೋ ಹಿಡಿದು ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕೂತರು. ಕೊಟ್ಟ ಕಾಫಿ ಮುಟ್ಟಲಿಲ್ಲ.

‘ಅವಳನ್ನ ನನ್ನ ಹತ್ರ ಕಳಿಸಿ ಸಾರ್’ ಎಂದರು.

‘ಮಗು ಮಿಸ್ ಅದು. ತಡ್ಕೊಳಲ್ಲ.’

‘ಯಾರು ತಡ್ಕೊಳಲ್ಲ, ಅವಳಾ?’

ಮಾರನೆಯ ಸಂಜೆ ಅಪ್ಪನೇ ನನ್ನನ್ನು ಸ್ಕೂಟರಿನಲ್ಲಿ ಗಿರಿನಗರಕ್ಕೆ ಬಿಟ್ಟರು.

ಅಷ್ಟರಲ್ಲಿ ಕ್ಲಾಸು ನಿಂತಿತ್ತು. ನಾನು ಸ್ಕೂಲು ಮುಗಿಸಿ ಹೋಗಿ ಮಿಸ್ ಮಂಚದ ಪಕ್ಕ ಹೋಂವರ್ಕ್ ಮಾಡುತ್ತಿದ್ದೆ. ಅವರ ತಂಗಿ ಬಂದು ನೋಡಿಕೊಳ್ಳುತ್ತಿದ್ದರು. ಕಡಲೆಕಾಯಿ ಬೇಯಿಸಿದಾಗ ನಾನು ಬಿಡಿಸಿ ಕೊಡುತ್ತಿದ್ದೆ, ಮಿಸ್‌ಗೆ ನುಂಗಲು ಆಗುತ್ತಿರಲಿಲ್ಲ, ಮೂಸಿ ನನಗೇ ತಿನ್ನಿಸುತ್ತಿದ್ದರು. ಮೊದಲ ಸಲ ತಿಂದಾಗ ಅದು ಬರೀ ಉಪ್ಪಾಗಿತ್ತು. ಅವರೇನೂ ನಗುನಗುತ್ತ ಸಾವಿಗೆ ಸಿದ್ಧರಾದವರಲ್ಲ. ನೋವು ಬಂದರೆ ಗೋಡೆಗೆ ತಿರುಗಿ ಮಲಗುತ್ತಿದ್ದರು, ತಂಗಿಯ ಮೇಲೆ ರೇಗುತ್ತಿದ್ದರು. ‘ಉಸಿರು ಗಮನಿಸಿ, ಉಸಿರು ಗಮನಿಸಿ ಅಂತ ಊರಿಗೆಲ್ಲ ಹೇಳ್ದೆ. ನೋವು ಬಂದ್ರೆ ಅದೆಲ್ಲ ಎಲ್ಲಿ ಹೋಗತ್ತೋ...’ ಎಂದಿದ್ದರು ಒಮ್ಮೆ.

ಇನ್ನೊಂದು ಸಂಜೆ, ನಿದ್ದೆ ಬಂದಿದೆ ಎಂದುಕೊಂಡು ನಾನು ಹೊರಡಲು ಎದ್ದಾಗ ಕೈ ಹಿಡಿದರು.

‘ಯಾಕೆ ಅಂತ ಕೇಳ್ಬೇಡಿ ಅಂದಿದ್ನಲ್ಲ, ತಪ್ಪು ಮಾಡ್ಬಿಟ್ಟೆ ಕಣೆ. ಅಷ್ಟು ವಾರ ಮೋಡ ಅಂದೆ. ಯಾರೂ ಕೇಳ್ಲೇ ಇಲ್ಲ.’

ಅವರು ಹೋದ ದಿನ ಅಪ್ಪ ಸ್ಕೂಲಿಗೇ ಬಂದು ನನ್ನನ್ನು ಕರೆದುಕೊಂಡು ಹೋದರು. ದಾರಿಯಲ್ಲಿ ‘ಮಿಸ್ ತೀರ್ಕೊಂಡ್ರು’ ಎಂದರು. ದೇವರ ಹತ್ತಿರ ಹೋದರು ಎನ್ನಲಿಲ್ಲ. ಮಹಡಿಯ ಹಾಲ್‌ನಲ್ಲಿ, ನಾವು ಚಾಪೆ ಹಾಸುತ್ತಿದ್ದ ಜಾಗದಲ್ಲೇ ಮಲಗಿಸಿದ್ದರು. ಮೂಗಿಗೆ ಹತ್ತಿ ಇಟ್ಟಿದ್ದರು. ಬಳೆ ಇರಲಿಲ್ಲ. ನಾನು ಕಾಲು ಮುಟ್ಟಿದೆ. ತಣ್ಣಗಿತ್ತು. ಇದಾ, ಇಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದು ಇದಾ ಎನ್ನಿಸಿತು. ಆಮೇಲೆ ಅಳು ಬಂತು. ಬಾಯಲ್ಲಿ ಬಂದಿದ್ದು ಮಿಸ್ ಹೆಸರಲ್ಲ, ‘ಅಮ್ಮ’ ಎಂದು.

ಅಪ್ಪ ಹೊರಗೆ ಚಪ್ಪಲಿಗಳ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ನಾನು ಹೋಗಿ ಪಕ್ಕ ಕೂತೆ. ಅಮ್ಮನ ವಿಷಯ ಅಲ್ಲಿಯೇ ಹೇಳಿದರು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ, ಅಮ್ಮನನ್ನೂ ಕೂರಿಸಿ ಹಣೆಗೆ ವಿಭೂತಿ ಹಚ್ಚಿದ್ದರಂತೆ. ಹಸಿರು ಸೀರೆ ಉಡಿಸಿದ್ದರಂತೆ. ಕೊನೆಯ ದಿನ ಅಮ್ಮ ನನ್ನನ್ನು ನೋಡಬೇಕು ಎಂದರಂತೆ, ಬೆಳಿಗ್ಗೆ ಕರೆಸುತ್ತೇನೆ ಎಂದು ಅಪ್ಪ ಹೇಳಿದರಂತೆ... ಅಪ್ಪ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು.

ಮಿಸ್ ಮನೆ ಈಗಿಲ್ಲ. ಆ ಜಾಗದಲ್ಲಿ ಫ್ಲ್ಯಾಟುಗಳು ಎದ್ದಿವೆ. ಚಾಪೆಯ ಮೇಲೆ ಕೂರುತ್ತಿದ್ದವರಲ್ಲಿ ಯಾರೂ ಈಗ ಸಂಪರ್ಕದಲ್ಲಿಲ್ಲ. ಅವರಿಗೂ ಈ ವಾಸನೆ ಬಂದರೆ ಮಿಸ್ ನೆನಪಾಗುತ್ತಾರೋ ಇಲ್ಲವೋ... ನನಗೆ ಅವರು ಈಗಲೂ ಬೇಕು. ನಿನ್ನೆಯಂತೂ ತುಂಬ ಬೇಕೆನಿಸಿತು.

ಮನೆಗೆ ಬಂದು ಹಳೇ ಪೇಪರ್ ಹಾಸಿ ಕಡಲೆಕಾಯಿ ಸುರಿದೆ. ಅಪ್ಪ ಎದುರಿಗೆ ಕೂತರು. ವಾಸನೆ ಅವರಿಗೂ ಗೊತ್ತಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಒಂದು ತೆಗೆದು ಅವರ ಅಂಗೈಯಲ್ಲಿಟ್ಟು ‘ಇವತ್ತು ಹೇಗಿದೆಯಪ್ಪಾ?’ ಎಂದೆ.

‘ಬಿಸಿಲು’ ಎಂದರು.

ಬೆಳಿಗ್ಗೆ ಅವರು ಕಾಫಿ ಲೋಟ ಎತ್ತುವಾಗಲೇ ನಾನು ನೋಡಿದ್ದೆ. ಈಗ ಮತ್ತೆ ನೋಡಿದೆ. ಅವರ ಸ್ಟೀಲ್ ಚೈನಿನ ವಾಚು ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ಹೋಗಿ ನಿಂತಿತ್ತು.

‘ವಾಚು ಯಾಕಪ್ಪಾ ಇಷ್ಟು ಸಡಿಲ ಆಗಿದೆ?’

ಅವರು ವಾಚನ್ನು ಮಣಿಕಟ್ಟಿಗೆ ಸರಿಸಿಕೊಂಡರು. ಅದು ಮತ್ತೆ ಜಾರಿತು. ಕೈಯಲ್ಲಿದ್ದ ಕಡಲೆಕಾಯಿಯನ್ನು ಪೇಪರಿನ ಮೇಲಿಟ್ಟರು.

‘ಕೂತ್ಕೊಮ್ಮ’ ಎಂದರು. ‘ಹೇಳ್ತೀನಿ.’